ಕೀಲಿಗೆ ಯಾವ ಸೂಜಿ? ಸಂಧಿವಾತ ಕಲಿಸಿದ ಹನ್ನೊಂದು ಪಾಠಗಳು

ಮಂಡ್ಯ ಜಿಲ್ಲೆಯ ಪಡುವಲ ಭಾಗದ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಿಂದ ಬರುವ ಕೀಲುನೋವಿನವರನ್ನು ಬಹುಕಾಲದಿಂದ ನೋಡುತ್ತಿದ್ದೇನೆ. ನಾಲೆಯ ಕಡೆಯವರು ಭತ್ತ, ಕಬ್ಬಿನವರು. ನಾಗಮಂಗಲದ ಕಡೆಯವರು ರಾಗಿ, ಹುರುಳಿ, ತೆಂಗಿನವರು. ಬೆಳೆ ಬೇರೆಯಾದರೂ ನಾಟಿ, ಕಳೆ, ಹಾಲು ಕರೆಯುವುದು, ಹಿಟ್ಟು ತೊಳಸುವುದು ಎಲ್ಲ ನಡೆಯುವುದು ಹೆಂಗಸರ ಕೈಯಿಂದಲೇ. ರುಮಟಾಯ್ಡ್ ಸಂಧಿವಾತ ಹೆಚ್ಚಾಗಿ ಹಿಡಿಯುವುದು ಹೆಂಗಸರನ್ನು. ಅದರಲ್ಲೂ ಮೊದಲು ಹಿಡಿಯುವುದು ಕೈಯನ್ನು.

ಈ ಕಡೆ ಮಾತ್ರೆಗಿಂತ ಸೂಜಿಯ ಮೇಲೆ ನಂಬಿಕೆ ಜಾಸ್ತಿ. “ಒಂದು ಸೂಜಿ ಹಾಕ್ಬುಡಿ ಸಾ, ಸರಿ ಹೋಯ್ತದೆ” ಎಂಬ ಮಾತನ್ನು ನಾನು ಕೇಳದ ವಾರವಿಲ್ಲ. ಈ ರೋಗದಲ್ಲಿ ಸೂಜಿಗಳೂ ಹಲವು. ಕೆಲವು ಕೈಯನ್ನು ಉಳಿಸುತ್ತವೆ, ಕೆಲವು ದೇಹವನ್ನೇ ಹಾಳುಮಾಡುತ್ತವೆ. ಸೂಜಿ ಬೇಡ ಎಂದು ಜನರಿಗೆ ಹೇಳಬೇಕಾಗಿಲ್ಲ. ಯಾವ ಸೂಜಿ, ಯಾತಕ್ಕೆ, ಎಷ್ಟು ದಿನಕ್ಕೊಮ್ಮೆ ಎಂದು ಕೇಳುವುದನ್ನು ಕಲಿಸಬೇಕು. ಈ ಪಾಠಗಳೆಲ್ಲ ಅದಕ್ಕಾಗಿ.

1. ಮೊದಲು ಬೆಳಗಿನ ಹೊತ್ತಿನ ಬಗ್ಗೆ ಕೇಳಿ

ಎಕ್ಸ್‌ರೇ ನೋಡುವ ಮೊದಲೇ ನಾನು ಕೇಳುವ ಪ್ರಶ್ನೆ: “ಅವ್ವಾ, ಬೆಳಿಗ್ಗೆ ಎದ್ದ ಕೂಡಲೇ ಹಾಲು ಕರೆಯೋಕೆ ಆಗ್ತದಾ?” “ಬೆಳಿಗ್ಗೆ ಬೆರಳು ಮಡಚಾಕೇ ಆಗಾಕಿಲ್ಲ, ಬಿಸಿಲು ಏರಿದ ಮೇಲೆ ವಾಸಿ” ಎಂದರೆ ಅರ್ಧ ರೋಗ ಪತ್ತೆಯಾದಂತೆ. ವಯಸ್ಸಾಗಿ ಮಂಡಿ ಸವೆದವರಿಗೆ ಬಿಗಿತ ಬಿಟ್ಟುಹೋಗಲು ಕೆಲವು ನಿಮಿಷ ಸಾಕು, ನಡೆದಷ್ಟೂ ನೋವು ಹೆಚ್ಚುತ್ತದೆ. ರುಮಟಾಯ್ಡ್‌ನಲ್ಲಿ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆ ಮೀರುತ್ತದೆ, ಎಷ್ಟೋ ಜನರಿಗೆ ಒಂದು ಗಂಟೆ ದಾಟುತ್ತದೆ. ಕೆಲಸ ಮಾಡುತ್ತಾ ಹೋದಂತೆ ಕೈ ಸಡಿಲವಾಗುತ್ತದೆ.

ಆಮೇಲೆ ಗಿಣ್ಣುಗಳನ್ನು ಮುಟ್ಟಿ ನೋಡಬೇಕು. ಬೆರಳಿನ ಬುಡದ ಗಿಣ್ಣು, ನಡುವಿನ ಗಿಣ್ಣು, ಮಣಿಕಟ್ಟು, ಕಾಲ್ಬೆರಳ ಬುಡ ಎರಡೂ ಕಡೆ ಊದಿರುತ್ತವೆ. ಉಗುರಿನ ಹತ್ತಿರದ ಗಿಣ್ಣನ್ನು ಈ ರೋಗ ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲಿನ ಒಳಪೊರೆಯನ್ನು ಪರಕೀಯವೆಂದು ಬಗೆದು ದಾಳಿ ಮಾಡುವುದು ಇದಕ್ಕೆ ಕಾರಣ. ಪೊರೆ ದಪ್ಪಗಾಗಿ ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆಯುತ್ತಾ ಹೋಗುತ್ತದೆ. ಉತ್ತರ ಭಾರತದ ಹಳ್ಳಿಗಳಲ್ಲಿ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನವೊಂದು ವಯಸ್ಕರಲ್ಲಿ ಶೇ. 0.75ರಷ್ಟು ಮಂದಿಗೆ ಈ ರೋಗವಿದೆ ಎಂದು ಕಂಡುಕೊಂಡಿತು. ಅಂದರೆ ಸಾವಿರ ವಯಸ್ಕರಿರುವ ಊರಿನಲ್ಲಿ ಏಳೆಂಟು ಜನ. ಇದು ಅಪರೂಪದ ಕಾಯಿಲೆಯಲ್ಲ.

2. ಆರು ವಾರ ದಾಟಿದ ಊತವನ್ನು ಚಿಕುನ್‌ಗುನ್ಯ ಎಂದು ಬಿಡಬೇಡಿ

2006ರಲ್ಲಿ ಕರ್ನಾಟಕದ ಹಳ್ಳಿ ಹಳ್ಳಿಗೂ ಚಿಕುನ್‌ಗುನ್ಯ ನುಗ್ಗಿತು. ಅಂದಿನಿಂದ ಕೈಕಾಲು ಹಿಡಿದರೆ ಸಾಕು, “ಅದೇ ಜ್ವರದ ನೋವು” ಎನ್ನುವುದು ರೂಢಿಯಾಗಿದೆ. ಆ ವೈರಸ್‌ ತರುವ ಕೀಲುನೋವು ನೋಡಲು ರುಮಟಾಯ್ಡ್‌ನಂತೆಯೇ ಇರುತ್ತದೆ ನಿಜ. ಬಹುಪಾಲು ಜನರಿಗೆ ಕೆಲವು ವಾರಗಳಲ್ಲಿ ಇಳಿಯುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ ಕಾಡುತ್ತದೆ. ಜ್ವರ ಬಂದಿತ್ತೋ ಇಲ್ಲವೋ, ಕೀಲಿನ ಊತ ಆರು ವಾರ ದಾಟಿತೆಂದರೆ ಪರೀಕ್ಷೆ ಮಾಡಿಸಲೇಬೇಕು. ನೋವು ಬೇರೆ, ಊತ ಬೇರೆ. ಬರೀ ನೋವಿದ್ದರೆ ಸ್ವಲ್ಪ ಕಾಯಬಹುದು; ಊದಿದ ಗಿಣ್ಣು ಕಾಯುವುದಿಲ್ಲ.

3. ಎ.ಎಸ್.ಓ. ನೋಡಿ ಪೆನಿಸಿಲಿನ್ ಚುಚ್ಚಿಸಬೇಡಿ

ಮೂವತ್ತು ನಲವತ್ತರ ಹೆಂಗಸರು 21 ದಿನಕ್ಕೊಮ್ಮೆ ಸೊಂಟಕ್ಕೆ ನೋವಿನ ಸೂಜಿ ಹಾಕಿಸಿಕೊಳ್ಳುತ್ತಾ ಬರುತ್ತಾರೆ. ವಿಚಾರಿಸಿದರೆ ಅದು ಬೆಂಜಥಿನ್ ಪೆನಿಸಿಲಿನ್. ಯಾರೋ ಎ.ಎಸ್.ಓ. ಪರೀಕ್ಷೆ ಮಾಡಿಸಿರುತ್ತಾರೆ, ಅದು ಹೆಚ್ಚು ಬಂದಿರುತ್ತದೆ, ಸೂಜಿ ಶುರುವಾಗಿರುತ್ತದೆ. ಆ ಸೂಜಿ ಇರುವುದು ರುಮಾಟಿಕ್ ಜ್ವರಕ್ಕೆ. ಅದು ಮಕ್ಕಳನ್ನು ಹಿಡಿದು ಹೃದಯದ ಕವಾಟ ಕೆಡಿಸುವ ರೋಗ, ಅಲ್ಲಿ ಪೆನಿಸಿಲಿನ್ ಜೀವ ಉಳಿಸುತ್ತದೆ. ರುಮಟಾಯ್ಡ್‌ಗೆ ಅದರಿಂದ ಎಳ್ಳಷ್ಟೂ ಉಪಯೋಗವಿಲ್ಲ. ಎ.ಎಸ್.ಓ. ಹೇಳುವುದು ಹಿಂದೆ ಯಾವಾಗಲೋ ಗಂಟಲಿಗೆ ಒಂದು ಬ್ಯಾಕ್ಟೀರಿಯಾ ಬಂದು ಹೋಗಿತ್ತು ಎಂಬುದನ್ನು ಮಾತ್ರ. ಮಗುವಿಗಾಗಲಿ ದೊಡ್ಡವರಿಗಾಗಲಿ ಹೃದಯದ ತೊಂದರೆಗೆಂದು ಈ ಸೂಜಿ ಬರೆದಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ಕೀಲುನೋವಿಗೆಂದು ಬರೆದಿದ್ದರೆ ಇನ್ನೊಬ್ಬ ವೈದ್ಯರನ್ನು ಕೇಳಿ.

ಈ ರೋಗಕ್ಕೆ ಬೇಕಾದ ಪರೀಕ್ಷೆಗಳು ಆರ್.ಎ. ಫ್ಯಾಕ್ಟರ್, ಆ್ಯಂಟಿ ಸಿ.ಸಿ.ಪಿ., ಇ.ಎಸ್.ಆರ್., ಸಿ.ಆರ್.ಪಿ. ಆರ್.ಎ. ಫ್ಯಾಕ್ಟರ್ ಕೆಲವು ಆರೋಗ್ಯವಂತರಲ್ಲೂ ಪಾಸಿಟಿವ್ ಬರುತ್ತದೆ, ರೋಗವಿರುವ ಎಷ್ಟೋ ಜನರಲ್ಲಿ ನೆಗೆಟಿವ್ ಇರುತ್ತದೆ. ಆ್ಯಂಟಿ ಸಿ.ಸಿ.ಪಿ. ಪಾಸಿಟಿವ್ ಬಂದರೆ ಅನುಮಾನ ಬಹಳ ಮಟ್ಟಿಗೆ ನಿಜ. ಏನೇ ಇರಲಿ, ರಿಪೋರ್ಟಿಗಿಂತ ಮೊದಲು ಕೈ ನೋಡುವ ವೈದ್ಯರನ್ನು ನಂಬಿ.

4. ಎರಡು ದಿನದ ಸೂಜಿ ಎರಡು ದಿನಕ್ಕೇ

ಸಂತೆಗೆ ಬಂದವರು ಒಂದು ಸೂಜಿ ಹಾಕಿಸಿಕೊಂಡು ಹೋಗುವುದುಂಟು. ಸಾಮಾನ್ಯವಾಗಿ ಅದರಲ್ಲಿ ಇರುವುದು ಡೈಕ್ಲೋಫಿನಾಕ್ ಜೊತೆಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್. ಸಂಜೆಗೆ ಕೈ ಹಗುರ, ಮಾರನೆಯ ದಿನ ಕಳೆ ಕೀಳಲೂ ಹೋಗಬಹುದು. ಮೂರನೆಯ ದಿನ ನೋವು ಹಿಂದಕ್ಕೆ ಬರುತ್ತದೆ, ಮುಂದಿನ ಸಂತೆಗೆ ಮತ್ತೊಂದು ಸೂಜಿ. ವರ್ಷ ಕಳೆಯುವುದರೊಳಗೆ ಮುಖ ದುಂಡಗೆ ಊದಿ, ಸಕ್ಕರೆ, ಬಿ.ಪಿ. ಏರಿ, ಮೂಳೆ ಟೊಳ್ಳಾಗಿ, ಚರ್ಮ ತೆಳ್ಳಗಾಗಿ ಬರುತ್ತಾರೆ. ಕೀಲು ಮಾತ್ರ ಒಳಗೇ ಕೊರೆಯುತ್ತಲೇ ಇರುತ್ತದೆ. ಹೆಸರಿಲ್ಲದ ಪುಡಿ, ಪೊಟ್ಟಣದಲ್ಲಿ ಕೊಡುವ ಬಣ್ಣದ ಗುಳಿಗೆಗಳಲ್ಲೂ ಇದೇ ಸ್ಟೀರಾಯ್ಡ್ ಅಡಗಿರುವುದುಂಟು. ಎರಡೇ ದಿನದಲ್ಲಿ ಪವಾಡ ಮಾಡುವ ಯಾವ ಪುಡಿಯನ್ನೂ ನಂಬಬೇಡಿ.

ಈ ಪವಾಡಕ್ಕೆ ಜಗತ್ತೇ ಒಮ್ಮೆ ಮರುಳಾಗಿತ್ತು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಅವರು ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ಹೆಂಗಸೊಬ್ಬರಿಗೆ ಕಾರ್ಟಿಸೋನ್ ಇಂಜೆಕ್ಷನ್ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದರು. 1950ರಲ್ಲಿ ಹೆಂಚ್, ಕೆಂಡಾಲ್, ರೈಷ್ಟೈನ್ ಅವರಿಗೆ ನೊಬೆಲ್ ಬಂತು. ಸಂಭ್ರಮದ ಹಿಂದೆಯೇ ಅಡ್ಡಪರಿಣಾಮಗಳ ಪಟ್ಟಿಯೂ ಬಂತು. ಇಂದು ಸ್ಟೀರಾಯ್ಡ್‌ಗೆ ಇರುವ ಜಾಗ ಚಿಕ್ಕದು: ಅಸಲಿ ಮದ್ದು ಕೆಲಸ ಶುರುಮಾಡುವವರೆಗೆ, ಕಡಿಮೆ ಪ್ರಮಾಣದಲ್ಲಿ, ಕೆಲವು ವಾರ. ಬಹಳ ಕಾಲದಿಂದ ತೆಗೆದುಕೊಳ್ಳುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ವೈದ್ಯರ ಕೈಯಲ್ಲಿ ನಿಧಾನಕ್ಕೆ ಇಳಿಸಿಕೊಳ್ಳಬೇಕು.

5. ಕೀಲಿನೊಳಗೇ ಹಾಕುವ ಸೂಜಿ ಬೇರೆ

ಉಳಿದ ಕೀಲೆಲ್ಲ ತಣ್ಣಗಾಗಿ ಒಂದು ಮಂಡಿಯೋ ಒಂದು ಮಣಿಕಟ್ಟೋ ಮಾತ್ರ ಹಟ ಹಿಡಿದಾಗ ಅದರೊಳಗಿನ ನೀರು ತೆಗೆದು, ನಿಧಾನಕ್ಕೆ ಕರಗುವ ಸ್ಟೀರಾಯ್ಡ್ ಹಾಕುತ್ತೇವೆ. ಸೊಂಟದ ಸೂಜಿಯಷ್ಟು ಇದು ಮೈಗೆಲ್ಲ ಹರಡುವುದಿಲ್ಲ, ವಾರಗಟ್ಟಲೆ ಆರಾಮ ಕೊಡುತ್ತದೆ. ನಿಯಮ ಮೂರು: ಶುಚಿಯಾದ ಕೋಣೆಯಲ್ಲಿ, ಅನುಭವವಿರುವವರ ಕೈಯಲ್ಲಿ ಮಾತ್ರ, ಒಂದೇ ಕೀಲಿಗೆ ವರ್ಷಕ್ಕೆ ಮೂರು ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ, ಹಾಕಿಸಿಕೊಂಡ ಮೇಲೆ ಒಂದೆರಡು ದಿನ ಆ ಕೀಲಿಗೆ ವಿಶ್ರಾಂತಿ. ಕೀಲು ಕೆಂಪಗಾಗಿ ಜ್ವರವೂ ಇದ್ದರೆ ಸೋಂಕಿಲ್ಲವೆಂದು ಖಚಿತವಾಗುವ ತನಕ ಈ ಸೂಜಿ ಕೂಡದು.

6. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ, ದಿನಕ್ಕೊಮ್ಮೆ ಅಲ್ಲವೇ ಅಲ್ಲ

ಗದ್ದೆಗೆ ನೀರು ನುಗ್ಗುತ್ತಿರುವಾಗ ಬಾಂಡಲಿಯಲ್ಲಿ ಮೊಗೆದು ಹಾಕುವುದು ನೋವಿನ ಮದ್ದಿನ ಕೆಲಸ. ತೂಬು ಮುಚ್ಚುವುದು ಮೆಥೊಟ್ರೆಕ್ಸೇಟ್ ಕೆಲಸ. ನಾಲೆ ಬಯಲಿನವರಿಗೆ ಇದನ್ನು ಎರಡನೆಯ ಸಲ ವಿವರಿಸಬೇಕಾಗಿಲ್ಲ. ಆದರೆ ತೂಬು ಮುಚ್ಚಲು ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ. “ಎರಡು ವಾರ ತಿಂದೆ, ಏನೂ ಗುಣ ಕಾಣಲಿಲ್ಲ” ಎಂದು ಬಿಟ್ಟವರೇ ಹೆಚ್ಚು.

ಅಂಗಡಿಯಲ್ಲಿ “ಇದು ಕ್ಯಾನ್ಸರ್ ಮಾತ್ರೆ” ಎಂದು ಯಾರಾದರೂ ಅಂದರೆ ಆ ಮನೆಯಲ್ಲಿ ಅವತ್ತು ಒಲೆ ಹೊತ್ತುವುದಿಲ್ಲ. ಆ ಮದ್ದು ಹುಟ್ಟಿದ್ದು ಕ್ಯಾನ್ಸರ್‌ಗೇ, ನಿಜ. ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಫೋಲಿಕ್ ಆಮ್ಲದ ಮೇಲೆ ಕೆಲಸ ಮಾಡುತ್ತಾ ಈ ಜಾತಿಯ ಮದ್ದುಗಳನ್ನು ತಯಾರಿಸಿತು. 1948ರಲ್ಲಿ ಸಿಡ್ನಿ ಫಾರ್ಬರ್ ಅವರು ಅಂಥದೊಂದು ಮದ್ದಿನಿಂದ ಮಕ್ಕಳ ರಕ್ತಕ್ಯಾನ್ಸರ್ ಇಳಿದದ್ದನ್ನು ವರದಿ ಮಾಡಿದರು. ಸಂಧಿವಾತಕ್ಕೆ ಕೊಡುವುದು ಅದಕ್ಕಿಂತ ತೀರಾ ಕಡಿಮೆ ಪ್ರಮಾಣ: ವಾರಕ್ಕೆ 7.5ರಿಂದ 25 ಮಿಲಿಗ್ರಾಂ. ಅಮೆರಿಕದ ಔಷಧ ಇಲಾಖೆ 1988ರಲ್ಲಿ ಈ ರೋಗಕ್ಕೆ ಒಪ್ಪಿಗೆ ಕೊಟ್ಟಿತು. ಇಂದು ಜಗತ್ತಿನೆಲ್ಲೆಡೆ ಚಿಕಿತ್ಸೆ ಶುರುವಾಗುವುದು ಇದರಿಂದಲೇ.

ಅಪಾಯ ಇರುವುದು ಲೆಕ್ಕ ತಪ್ಪಿದಾಗ. ವಾರದ ಮಾತ್ರೆಯನ್ನು ದಿನವೂ ನುಂಗಿದವರಿಗೆ ಬಾಯೆಲ್ಲ ಹುಣ್ಣಾಗಿ, ರಕ್ತಕಣಗಳು ಕುಸಿದು, ಸಾವೂ ಬರಬಹುದು. ಅದಕ್ಕೇ ಚೀಟಿಯಲ್ಲಿ ವಾರದ ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆಸಿಕೊಳ್ಳಿ. ನಿಮ್ಮೂರಿನ ಸಂತೆಯ ದಿನವನ್ನೇ ಮದ್ದಿನ ದಿನ ಮಾಡಿಕೊಂಡರೆ ಮರೆಯುವುದಿಲ್ಲ. ಜೊತೆಗೆ ಕೊಡುವ ಫೋಲಿಕ್ ಆಮ್ಲದ ಮಾತ್ರೆಯನ್ನು ವೈದ್ಯರು ಹೇಳಿದ ಬೇರೆ ದಿನ ತಪ್ಪದೆ ತೆಗೆದುಕೊಳ್ಳಿ.

7. ಮಾತ್ರೆ ಸಾಲದಿದ್ದಾಗ ಅದೇ ಮದ್ದಿನ ಸೂಜಿ

ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೆ 15 ಮಿಲಿಗ್ರಾಂ ದಾಟಿದ ಮೇಲೆ ಕರುಳು ಅದನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ. ಕೆಲವರಿಗೆ ಮಾತ್ರೆಯ ದಿನ ಬಂತೆಂದರೇ ಹೊಟ್ಟೆ ತೊಳಸುತ್ತದೆ. ಇಂಥವರಿಗೆ ದುಬಾರಿ ಮದ್ದಿಗೆ ಹೋಗುವ ಮೊದಲು ಇದೇ ಮೆಥೊಟ್ರೆಕ್ಸೇಟನ್ನು ಚರ್ಮದಡಿಯ ಇಂಜೆಕ್ಷನ್ ಆಗಿ ಕೊಟ್ಟು ನೋಡಬೇಕು. ಮೈಗೆ ಚೆನ್ನಾಗಿ ಹತ್ತುತ್ತದೆ, ವಾಕರಿಕೆಯೂ ಎಷ್ಟೋ ಜನರಿಗೆ ತಗ್ಗುತ್ತದೆ.

ಹೊಕ್ಕುಳಿನಿಂದ ಎರಡು ಇಂಚು ಬಿಟ್ಟು ಹೊಟ್ಟೆಯ ಮೇಲೆ ಅಥವಾ ತೊಡೆಯ ಮುಂಭಾಗಕ್ಕೆ ವಾರ ವಾರ ಜಾಗ ಬದಲಿಸಿ ಚುಚ್ಚಿಕೊಳ್ಳಬೇಕು. ಇನ್ಸುಲಿನ್ ಹಾಕಿಕೊಳ್ಳುವವರು ಇರುವ ಮನೆಗಳಲ್ಲಿ ಇದನ್ನು ಅರ್ಧ ಗಂಟೆಯಲ್ಲಿ ಕಲಿಯುತ್ತಾರೆ. ತುಂಬಿಸಿ ಬರುವ ಸಿರಿಂಜ್ ಸುರಕ್ಷಿತ. ವಯಲ್, ಅಂದರೆ ಮದ್ದಿನ ಸಣ್ಣ ಸೀಸೆ, ಅಗ್ಗ; ಆದರೆ ಎಚ್ಚರ ಬೇಕು. ಕೆಂಪು ಮುಚ್ಚಳದ ಇನ್ಸುಲಿನ್ ಸಿರಿಂಜಿನಲ್ಲಿ 40 ಗೆರೆ ಒಂದು ಮಿಲಿಲೀಟರ್, ಕಿತ್ತಳೆ ಮುಚ್ಚಳದ್ದರಲ್ಲಿ 100 ಗೆರೆ. ಅಂದರೆ 20ರ ಗೆರೆ ಒಂದರಲ್ಲಿ ಅರ್ಧ ಮಿಲಿಲೀಟರ್, ಇನ್ನೊಂದರಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆ. ವಯಲ್‌ಗಳ ಶಕ್ತಿಯೂ ಬೇರೆ ಬೇರೆ. ಆದ್ದರಿಂದ ನಿಮ್ಮ ವಯಲ್, ನಿಮ್ಮ ಸಿರಿಂಜ್ ಎರಡನ್ನೂ ಆಸ್ಪತ್ರೆಗೆ ತಂದು ಗೆರೆ ತೋರಿಸಿಕೊಂಡು ಹೋಗಿ. ಅಂಗಡಿಯವರು ಬೇರೆ ಕಂಪನಿಯದು ಕೊಟ್ಟರೆ ಮತ್ತೊಮ್ಮೆ ಬಂದು ಕೇಳಿ.

8. ಪರೀಕ್ಷೆಯ ಪುಸ್ತಕ ಮದ್ದಿನಷ್ಟೇ ಮುಖ್ಯ

ಮೆಥೊಟ್ರೆಕ್ಸೇಟ್ ಶುರು ಮಾಡುವ ಮುಂಚೆ ರಕ್ತಕಣ, ಲಿವರ್, ಕಿಡ್ನಿ, ಹೆಪಟೈಟಿಸ್ ಬಿ ಮತ್ತು ಸಿ, ಎದೆಯ ಎಕ್ಸ್‌ರೇ. ಮೊದಲ ಮೂರು ತಿಂಗಳು ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಎಲ್ಲವನ್ನೂ ಒಂದು ಪುಸ್ತಕದಲ್ಲಿ ತಾರೀಖು ಹಾಕಿ ಬರೆಸಿ. ಮದ್ಯ ಕೂಡದು. ಜ್ವರ, ವಾಂತಿಭೇದಿ ಇರುವ ವಾರ ಡೋಸ್ ನಿಲ್ಲಿಸಿ ವೈದ್ಯರನ್ನು ಕೇಳಿ. ಒಣಕೆಮ್ಮು, ಏದುಸಿರು ಬಂದರೆ ಅಂದೇ ಬನ್ನಿ. ಉರಿಮೂತ್ರಕ್ಕೋ ಭೇದಿಗೋ ಕೊಡುವ ಕೋಟ್ರೈಮೊಕ್ಸಜೋಲ್ ಎಂಬ ಸಾಧಾರಣ ಮಾತ್ರೆ ಮೆಥೊಟ್ರೆಕ್ಸೇಟ್ ಜೊತೆ ಸೇರಿದರೆ ರಕ್ತಕಣಗಳನ್ನು ಕುಸಿಯುವಂತೆ ಮಾಡುತ್ತದೆ. ಯಾವ ವೈದ್ಯರ ಬಳಿ ಹೋದರೂ ಪುಸ್ತಕ ತೋರಿಸಿ.

ಹೆಣ್ಣುಮಕ್ಕಳ ತಂದೆತಾಯಿಗಳಿಗೆ ಒಂದು ಮಾತು. ಮದುವೆ ನಿಂತೀತೆಂದು ರೋಗ ಮುಚ್ಚಿಡುತ್ತೀರಿ, ಗಂಡನ ಮನೆಗೆ ಹೋದ ಹುಡುಗಿ ಮದ್ದು ಬಚ್ಚಿಟ್ಟು ತಿನ್ನುತ್ತಾಳೆ ಅಥವಾ ಬಿಡುತ್ತಾಳೆ. ಮೆಥೊಟ್ರೆಕ್ಸೇಟ್ ಮೇಲಿರುವಾಗ ಗರ್ಭ ನಿಲ್ಲಬಾರದು, ಅದು ಮಗುವಿಗೆ ಹಾನಿ. ಒಂದರಿಂದ ಮೂರು ತಿಂಗಳು ಮೊದಲೇ ನಿಲ್ಲಿಸಿ ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜೀನ್‌ನಂಥ ಸುರಕ್ಷಿತ ಮದ್ದಿಗೆ ಬದಲಾಗಬಹುದು. ಈ ರೋಗವಿರುವವರು ತಾಯಂದಿರಾಗಬಹುದು, ಆಗಿದ್ದಾರೆ. ಅಳಿಯನಿಗೂ ಬೀಗರಿಗೂ ಮೊದಲೇ ತಿಳಿಸಿದರೆ ಆ ಹುಡುಗಿಗೆ ಕಾವಲಿಗೆ ಒಂದು ಮನೆಯೇ ಸಿಗುತ್ತದೆ.

9. ಬಯಲಾಜಿಕ್ ಸೂಜಿ ಕೊನೆಯ ಅಸ್ತ್ರವೂ ಅಲ್ಲ, ಮೊದಲನೆಯದೂ ಅಲ್ಲ

ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್, ರವೀಂದರ್ ಮೈನಿ ಅವರು ಕೀಲಿನ ಉರಿಯೂತದ ಸರಪಳಿಯಲ್ಲಿ ಟಿ.ಎನ್.ಎಫ್. ಎಂಬ ಒಂದು ಪ್ರೋಟೀನನ್ನು ತಡೆದರೆ ಸಾಕು, ಇಡೀ ಸರಪಳಿ ಸಡಿಲವಾಗುತ್ತದೆ ಎಂದು 1990ರ ದಶಕದಲ್ಲಿ ರೋಗಿಗಳಲ್ಲಿ ತೋರಿಸಿದರು. ಹೀಗೆ ತಡೆಯೊಡ್ಡುವ, ಬಯಲಾಜಿಕ್ ಎನ್ನುವ ಮದ್ದುಗಳಲ್ಲಿ 1998ರಲ್ಲಿ ಇಟಾನರ್ಸೆಪ್ಟ್, 2002ರ ಕೊನೆಗೆ ಅಡಲಿಮುಮ್ಯಾಬ್ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ಅಡಲಿಮುಮ್ಯಾಬ್ ಎರಡು ವಾರಕ್ಕೊಮ್ಮೆ 40 ಮಿಲಿಗ್ರಾಂ, ಇಟಾನರ್ಸೆಪ್ಟ್ ವಾರಕ್ಕೆ 50 ಮಿಲಿಗ್ರಾಂ ಚರ್ಮದಡಿಗೆ. ಇನ್ಫ್ಲಿಕ್ಸಿಮ್ಯಾಬ್, ರಿಟಕ್ಸಿಮ್ಯಾಬ್ ಆಸ್ಪತ್ರೆಯಲ್ಲಿ ಡ್ರಿಪ್ ಮೂಲಕ. 2014ರಲ್ಲಿ ಅಹಮದಾಬಾದಿನ ಜೈಡಸ್ ಕಂಪನಿ ಅಡಲಿಮುಮ್ಯಾಬ್‌ನ ಭಾರತೀಯ ಪ್ರತಿರೂಪವನ್ನು ಮಾರುಕಟ್ಟೆಗೆ ತಂದಿತು. ಆಮೇಲೆ ಬೆಲೆ ಇಳಿದಿದೆ. ಆದರೂ ರೈತನ ಮನೆಗೆ ಅದು ತಿಂಗಳಿಗೆ ಸಾವಿರಗಟ್ಟಲೆಯ ಖರ್ಚೇ.

ಹಾಗಾಗಿ ಹಸು ಮಾರುವ ಮೊದಲು ಒಂದು ಮಾತು ಕೇಳಿ. ಮೆಥೊಟ್ರೆಕ್ಸೇಟ್, ಸಲ್ಫಾಸಲಜೀನ್, ಹೈಡ್ರಾಕ್ಸಿಕ್ಲೋರೋಕ್ವಿನ್ ಮೂರನ್ನೂ ಕೂಡಿಸಿ ಕೊಡುವುದು, ಮೆಥೊಟ್ರೆಕ್ಸೇಟ್ ಜೊತೆ ಇಟಾನರ್ಸೆಪ್ಟ್ ಕೊಡುವುದಕ್ಕೆ ಕಡಿಮೆಯೇನಿಲ್ಲ ಎಂದು 2013ರಲ್ಲಿ ಅಮೆರಿಕದ ದೊಡ್ಡ ಪ್ರಯೋಗವೊಂದು ತೋರಿಸಿದೆ. ಸರಿಯಾದ ಪ್ರಮಾಣದಲ್ಲಿ ಆ ಮೂರನ್ನೂ ಕೊಟ್ಟು ನೋಡಿ, ಮೂರರಿಂದ ಆರು ತಿಂಗಳಲ್ಲೂ ಊತ ಇಳಿಯದಿದ್ದರೆ ಆಗ ಬಯಲಾಜಿಕ್ ಬೇಕೇ ಬೇಕು. ಆಗ ತಡ ಮಾಡಬಾರದು. ಟೊಫಾಸಿಟಿನಿಬ್‌ನಂಥ ಹೊಸ ಮಾತ್ರೆಗಳೂ ಈಗ ಭಾರತದಲ್ಲೇ ತಯಾರಾಗುತ್ತಿವೆ. ಸೋಂಕಿನ ವಿಷಯದಲ್ಲಿ ಮುಂದಿನ ಪಾಠದ ಎಚ್ಚರವನ್ನು ಅವೂ ಬೇಡುತ್ತವೆ.

10. ಸೂಜಿಗೆ ಮುಂಚೆ ಟಿ.ಬಿ., ಸೂಜಿಯ ಜೊತೆಗೆ ಕಾಯಿಸಿದ ಹಾಲು

ಟಿ.ಎನ್.ಎಫ್. ಎಂಬುದು ಟಿ.ಬಿ. ಕ್ರಿಮಿಯನ್ನು ಕಟ್ಟಿಹಾಕಿರುವ ಹಗ್ಗವೂ ಹೌದು. ಅದನ್ನು ಬಿಚ್ಚಿದರೆ ಒಳಗೆ ಮಲಗಿದ್ದ ಕ್ಷಯ ಏಳುತ್ತದೆ. ಆದ್ದರಿಂದ ಮೊದಲೇ ಎದೆಯ ಎಕ್ಸ್‌ರೇ, ಮಾಂಟೂ ಅಥವಾ ಇಗ್ರಾ ಪರೀಕ್ಷೆ ಆಗಬೇಕು. ಅಡಗಿದ ಸೋಂಕು ಕಂಡರೆ ಟಿ.ಬಿ. ತಡೆಯುವ ಮಾತ್ರೆ ಶುರುಮಾಡಿ ಕನಿಷ್ಠ ಒಂದು ತಿಂಗಳಾದ ಮೇಲೆ ಸೂಜಿ. ಆ ಮಾತ್ರೆಯ ಅವಧಿಯನ್ನು ಪೂರ್ತಿ ಮುಗಿಸಲೇಬೇಕು. ಮನೆಯಲ್ಲಿ ಹಿಂದೆ ಯಾರಿಗಾದರೂ ಟಿ.ಬಿ. ಆಗಿದ್ದರೆ ನಾಚದೆ ಹೇಳಿ. ನಮ್ಮದು ಹಸು ಎಮ್ಮೆಯ ನಾಡು: ಹಸಿ ಹಾಲು ಕುಡಿಯಬೇಡಿ, ಕಂದು ಹಾಕಿದ ದನದ ಬಾಣಂತನಕ್ಕೆ ನೀವು ಕೈ ಹಾಕಬೇಡಿ, ಬ್ರುಸೆಲ್ಲಾ ಎಂಬ ಸೋಂಕಿನ ಭಯವಿದೆ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳನ್ನು ಮುಂಚೆಯೇ ಹಾಕಿಸಿಕೊಳ್ಳಿ.

ಸೂಜಿಯ ಪೆಟ್ಟಿಗೆ 2ರಿಂದ 8 ಡಿಗ್ರಿಯಲ್ಲಿರಬೇಕು. ಮೈಸೂರಿನಿಂದ ಕಿಕ್ಕೇರಿಗೋ ಬಿಂಡಿಗನವಿಲೆಗೋ ಬಸ್ಸಿನಲ್ಲಿ ಒಯ್ಯುವಾಗ ಐಸ್ ಪ್ಯಾಕ್ ಇರುವ ಡಬ್ಬಿ ಬೇಕು, ಆದರೆ ಮದ್ದು ಐಸಿಗೆ ನೇರ ತಾಕಬಾರದು. ಫ್ರಿಜ್ಜಿನ ನಡುವಿನ ತಟ್ಟೆಯಲ್ಲಿಡಿ. ಫ್ರೀಜರಿನಲ್ಲಿ ಹೆಪ್ಪುಗಟ್ಟಿದ ಮದ್ದನ್ನು ಬಳಸಲೇಬಾರದು. ಕರೆಂಟ್ ಬಹಳ ಹೊತ್ತು ಹೋಗುವ ಊರಾದರೆ ಹತ್ತಿರದ ಔಷಧಿ ಅಂಗಡಿಯಲ್ಲಿ ಇಡಿಸಿ, ಡೋಸಿನ ದಿನ ತನ್ನಿ. ಬಳಸಿದ ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಆಸ್ಪತ್ರೆಗೆ ಒಪ್ಪಿಸಿ. ತಿಪ್ಪೆಗೆ ಎಸೆದ ಸೂಜಿ ನಾಳೆ ಗೊಬ್ಬರ ಹೊರುವವರ ಕಾಲಿಗೆ ಚುಚ್ಚುತ್ತದೆ.

11. ಮೊದಲ ಆರು ತಿಂಗಳು ಹೋದರೆ ಕೈ ಹೋಯಿತು

ಎಷ್ಟೋ ಜನ ಈ ಮೊದಲ ತಿಂಗಳುಗಳನ್ನು ಪಥ್ಯದಲ್ಲೇ ಕಳೆದು, ಬದನೆಕಾಯಿ, ಆಲೂಗಡ್ಡೆ, ಮೊಸರು, ಬಾಳೆಹಣ್ಣು ಎಲ್ಲವನ್ನೂ ವಾಯು ಎಂದು ಬಿಟ್ಟು ಸೊರಗಿ ಬರುತ್ತಾರೆ. ಅದರಿಂದ ಈ ರೋಗ ನಿಲ್ಲುವುದಿಲ್ಲ. ರಾಗಿಮುದ್ದೆ, ಸೊಪ್ಪು, ಕಾಳು, ಮೊಟ್ಟೆ ಚೆನ್ನಾಗಿ ತಿನ್ನಿ. ಬಿಡಬೇಕಾದದ್ದು ಬೀಡಿ, ಸಿಗರೇಟು. ಅವು ರೋಗ ತರುವುದೂ ಹೌದು, ಹೆಚ್ಚಿಸುವುದೂ ಹೌದು. ಕೈ ಊದಿದ ಸೊಸೆಯನ್ನು ಸೋಮಾರಿ ಎನ್ನಬೇಡಿ. ಮದ್ದು ಹತ್ತುವ ತನಕ ಬೆಳಗಿನ ಹಾಲು ಕರೆಯುವ ಕೆಲಸವನ್ನು ಮನೆಯ ಗಂಡಸರು ವಹಿಸಿಕೊಳ್ಳಲಿ. ಈಗಾಗಲೇ ಕೈ ಕಾಲು ಸೊಟ್ಟಗಾದವರು ತಾಲ್ಲೂಕು ಆಸ್ಪತ್ರೆಯಲ್ಲಿ ಅಂಗವೈಕಲ್ಯದ ತಪಾಸಣೆಯ ಬಗ್ಗೆ ವಿಚಾರಿಸಿ. ಶೇ. 40 ಅಥವಾ ಹೆಚ್ಚು ಎಂದು ದೃಢಪಟ್ಟರೆ 2016ರ ಕಾಯ್ದೆಯಡಿ ಸೌಲಭ್ಯಗಳಿಗೆ ಹಕ್ಕಿದೆ.

ಗುಣವಾದಂತೆ ಕಂಡ ಕೂಡಲೇ ಮದ್ದು ಬಿಡಬೇಡಿ. ಒಂದೆರಡು ವರ್ಷ ಊತವಿಲ್ಲದೆ ಕಳೆದವರಿಗೂ ವೈದ್ಯರು ನಿಧಾನಕ್ಕೆ ಇಳಿಸುತ್ತಾರೆ, ಒಮ್ಮೆಲೇ ನಿಲ್ಲಿಸುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹೋಗುವುದಾದರೆ ಬೇಗ ಹೋಗಿ. ಮೂಳೆ ಕೊರೆಯುವುದು ಶುರುವಾಗುವುದು ಮೊದಲ ತಿಂಗಳುಗಳಲ್ಲೇ. ಕೊರೆದ ಮೂಳೆಯನ್ನು ಯಾವ ಸೂಜಿಯೂ ಮತ್ತೆ ತುಂಬಿಸುವುದಿಲ್ಲ. ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಆಸ್ಪತ್ರೆಯಿದೆ. ಮಂಡ್ಯದಲ್ಲಿ ಮಿಮ್ಸ್, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಇವೆ. ಮನೆಯಲ್ಲಿ ಯಾರಿಗಾದರೂ ಬೆಳಿಗ್ಗೆ ಬೆರಳು ಬಿಗಿದು, ಗಿಣ್ಣು ಊದಿ ಆರು ವಾರವಾಗಿದ್ದರೆ ಸುಗ್ಗಿ ಮುಗಿಯಲಿ, ಹಬ್ಬ ಮುಗಿಯಲಿ ಎನ್ನದೆ ಈ ವಾರವೇ ಕರೆದುಕೊಂಡು ಹೋಗಿ. ಹಳೆಯ ಚೀಟಿ, ಮದ್ದಿನ ಪೊಟ್ಟಣ, ಖಾಲಿ ವಯಲ್ ಏನಿದ್ದರೂ ತನ್ನಿ. ಹಾಕಿಸಿಕೊಳ್ಳುವ ಪ್ರತಿ ಸೂಜಿಯ ಹೆಸರನ್ನು ಬರೆಸಿಕೊಳ್ಳಿ. ಹೆಸರು ಹೇಳಲು ಒಪ್ಪದವರಿಂದ ಸೂಜಿ ಹಾಕಿಸಿಕೊಳ್ಳಬೇಡಿ.